ಅಳಿಸಿದ ಪೆಟ್ಟಿಗೆ ಎಲ್ಲಿಗೆ ಹೋಗಿತ್ತು?

ಬೇಸಿಗೆ ರಜೆಗೆ ನಾನು ಪೇಟೆಯಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಪ್ಪ ಅಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡ್ತಾರೆ. ಗುತ್ತಿಗೆ ನೌಕರಿ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಆರ್ಡರ್ ಬರಬೇಕು. ಒಂದು ದಿನ ನಾನೂ ಅವರ ಜೊತೆ ಕಾಲೇಜಿಗೆ ಹೋದೆ. ಆವತ್ತೇ ಅಲ್ಲಿನ ಈಮೇಲ್ ಸರ್ವರ್ ಕೆಟ್ಟಿತ್ತು. ಅದನ್ನು ಹೇಗೆ ಸರಿ ಮಾಡಿದರು ಅಂತ ಪಕ್ಕದಲ್ಲೇ ಕೂತು ನೋಡಿದೆ, ಅರ್ಥವಾಗದ್ದನ್ನ ಕೇಳಿ ತಿಳ್ಕೊಂಡೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಸರ್ವರ್ ಅಂದ್ರೆ ಹಗಲು ರಾತ್ರಿ ಆನ್ ಆಗಿರುವ ಒಂದು ಕಂಪ್ಯೂಟರ್, ಅಷ್ಟೆ. ಈಮೇಲ್ ಸರ್ವರ್ ನಮ್ಮ ಅಂಚೆ ಕಚೇರಿ ಇದ್ದ ಹಾಗೆ. ಬೇರೆ ಊರಿನ ಸರ್ವರ್ ತಂದ ಪತ್ರವನ್ನ ಇಸ್ಕೊಂಡು, ಯಾರ ಹೆಸರಿಗೆ ಬಂದಿದೆಯೋ ಅವರ ಪೆಟ್ಟಿಗೆಗೆ ಹಾಕುತ್ತೆ. ವಿಳಾಸದಲ್ಲಿ ಹೆಸರಿನ ಮುಂದೆ @ ಗುರುತು ಹಾಕೋದನ್ನ 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಶುರು ಮಾಡಿದರು. ಸರ್ವರ್‌ಗಳು ಪತ್ರ ಕೊಡುವಾಗ ಒಂದಕ್ಕೊಂದು ಏನು ಮಾತಾಡಬೇಕು ಅನ್ನೋದಕ್ಕೆ ಎಸ್‌ಎಂಟಿಪಿ ಅಂತ ನಿಯಮ ಇದೆ. ಅದು 1982ರಲ್ಲಿ ಬಂತು. ಚಿಕ್ಕಪ್ಪನ ಸರ್ವರ್‌ನಲ್ಲಿ ಲಿನಕ್ಸ್ ಇದೆ. ಪತ್ರ ಇಸ್ಕೊಳ್ಳೋ ಪ್ರೋಗ್ರಾಂ ಹೆಸರು ಪೋಸ್ಟ್‌ಫಿಕ್ಸ್.

ಹಿಂದಿನ ದಿನ ಸಾಯಂಕಾಲ ಡಿಸ್ಕ್ ತುಂಬಿಹೋಗಿತ್ತಂತೆ. ಒಟ್ಟು ಜಾಗವೇ 40 ಜಿಬಿ, ಹಳೇ ಯಂತ್ರ. ನಿವೃತ್ತರಾದ ಒಬ್ಬ ಗುಮಾಸ್ತರ ಮೇಲ್ ಪೆಟ್ಟಿಗೆ ಒಂದೇ 6 ಜಿಬಿ ಇತ್ತು. ಅದೆಲ್ಲ ಒಂದೇ ದೊಡ್ಡ ಫೈಲ್. ಚಿಕ್ಕಪ್ಪ ಅದನ್ನ ಅಳಿಸಿ ಮನೆಗೆ ಬಂದಿದ್ದರು. ಬೆಳಿಗ್ಗೆ ಹೋಗಿ ನೋಡಿದ್ರೆ ಯಾರಿಗೂ ಒಂದು ಮೇಲೂ ಬಂದಿಲ್ಲ! ಮೇಷ್ಟ್ರುಗಳೆಲ್ಲ ಬಾಗಿಲಲ್ಲಿ ನಿಂತಿದ್ದರು.

ಚಿಕ್ಕಪ್ಪ ಮೊದಲು ಪಿಂಗ್ ಮಾಡಿದರು. ಪಿಂಗ್ ಅಂದ್ರೆ "ಇದ್ದೀಯಾ?" ಅಂತ ಕೂಗೋದು. "ಇದ್ದೀನಿ" ಅಂತ ಉತ್ತರ ಬಂತು. ಅಂದ್ರೆ ಯಂತ್ರ ಸತ್ತಿಲ್ಲ, ತಂತಿಯೂ ಸರಿ ಇದೆ. ಆಮೇಲೆ ಪತ್ರ ಬರುವ ಬಾಗಿಲು ತಟ್ಟಿದರು. ಆ ಬಾಗಿಲಿನ ನಂಬರ್ 25. ಮೊದಲು 220 ಅಂತ ಬಂತು, ಅದು ಸ್ವಾಗತ. ಆದರೆ ಪತ್ರ ಕೊಡೋಕೆ ಹೋದ ಕೂಡಲೇ 452, ಜಾಗ ಸಾಲದು ಅಂತ ಹೇಳ್ತು.

6 ಜಿಬಿ ಅಳಿಸಿದ ಮೇಲೂ ಜಾಗ ಇಲ್ಲ ಅಂದ್ರೇನರ್ಥ? ಆಫೀಸಿನವರೊಬ್ಬರು "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್, ಎಲ್ಲಾ ಸರಿ ಹೋಗುತ್ತೆ" ಅಂದರು. ಚಿಕ್ಕಪ್ಪನೂ ಹಾಗೇ ಮಾಡೋದ್ರಲ್ಲಿದ್ದರು. ಅಷ್ಟರಲ್ಲಿ ಫೋನ್ ಬಂತು. ಅದೇ ಗುಮಾಸ್ತರು! ಅವರ ಪಿಂಚಣಿ ಬಾಕಿಯ ಪತ್ರಗಳೆಲ್ಲ ಆ ಪೆಟ್ಟಿಗೆಯಲ್ಲೇ ಇದ್ದವಂತೆ, ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ ಅಂದರು. ಚಿಕ್ಕಪ್ಪ "ಬನ್ನಿ ಸಾರ್" ಅಂತ ಫೋನ್ ಇಟ್ಟರು. ಮುಖ ಬೆಳ್ಳಗಾಗಿತ್ತು. ಅಳಿಸುವ ಮುಂಚೆ ಅವರನ್ನ ಒಂದು ಮಾತು ಕೇಳಿರಲಿಲ್ಲ. ನಮ್ಮ ಚಿಕ್ಕಪ್ಪನೇ ಆದರೂ ಅದು ತಪ್ಪೇ.

ಆಮೇಲೆ ಎರಡು ಆಜ್ಞೆ ಕೊಟ್ಟರು. ಡಿಯು ಅನ್ನೋದು ಫೈಲ್‌ಗಳನ್ನ ಹೆಸರು ಹಿಡಿದು ಕೂಗಿ ಲೆಕ್ಕ ಹಾಕುತ್ತೆ. ಅದು 34 ಜಿಬಿ ಅಂತು. ಡಿಎಫ್ ಅನ್ನೋದು ಡಿಸ್ಕಿನಲ್ಲಿ ನಿಜವಾಗಿ ಎಷ್ಟು ಜಾಗ ಹೋಗಿದೆ ಅಂತ ಹೇಳುತ್ತೆ. ಅದು 40 ಅಂತು. ನನಗೆ ತಲೆಬುಡ ತಿಳಿಯಲಿಲ್ಲ. ಚಿಕ್ಕಪ್ಪ ಕೇಳಿದರು, "ಪುಟ್ಟಿ, ನಿಮ್ಮ ಕ್ಲಾಸಲ್ಲಿ ಹಾಜರಿ ಕೂಗಿದರೆ 34 ಜನ, ಬಿಸಿಯೂಟದ ತಟ್ಟೆ ಎಣಿಸಿದರೆ 40. ಏನಾಗಿರಬಹುದು?" "ಹೆಸರು ಹೊಡೆದುಹಾಕಿರೋ ಆರು ಜನ ಇನ್ನೂ ಊಟಕ್ಕೆ ಕೂತಿದ್ದಾರೆ" ಅಂದೆ. "ಅದೇ ಆಗಿರೋದು" ಅಂದರು.

ವಿಷಯ ಹೀಗಿದೆ. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಒಳಗಿನ ಸರಕು ಬೇರೆ. ಅಳಿಸು ಅಂದರೆ ಪಟ್ಟಿಯಿಂದ ಹೆಸರು ಹೋಗುತ್ತೆ. ಸರಕು ಮಾತ್ರ, ಯಾವುದಾದರೂ ಪ್ರೋಗ್ರಾಂ ಆ ಫೈಲನ್ನ ತೆರೆದು ಹಿಡ್ಕೊಂಡಿದ್ದರೆ, ಅದು ಕೈ ಬಿಡುವ ತನಕ ಹೋಗಲ್ಲ. ಎಲ್‌ಎಸ್‌ಓಎಫ್ ಅನ್ನೋ ಆಜ್ಞೆ ಕೊಟ್ಟರೆ ಯಾರು ಯಾವ ಫೈಲ್ ಹಿಡಿದಿದ್ದಾರೆ ಅಂತ ಪಟ್ಟಿ ಬರುತ್ತೆ. ಅದರಲ್ಲಿ ಒಂದು ಸಾಲಿನ ಕೊನೆಗೆ 'ಅಳಿಸಲಾಗಿದೆ' ಅನ್ನೋ ಗುರುತಿತ್ತು. ದಿನಾ ಬ್ಯಾಕಪ್ ತೆಗೆಯೋ ಪ್ರೋಗ್ರಾಂ ಆ ಪೆಟ್ಟಿಗೆಯನ್ನ ತೆರೆದು, ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ನಿಂತುಬಿಟ್ಟಿತ್ತು.

ಈಗ ಆ ಪ್ರೋಗ್ರಾಂ ನಿಲ್ಲಿಸಿದರೆ ಜಾಗ ಬಿಡುಗಡೆ ಆಗುತ್ತೆ, ಸರ್ವರ್ ಸರಿ ಹೋಗುತ್ತೆ. ಆದರೆ ಗುಮಾಸ್ತರ ಪತ್ರಗಳೂ ಅದರ ಜೊತೆಗೇ ಹೋಗ್ತಿದ್ದವು. ಆಫ್ ಮಾಡಿ ಆನ್ ಮಾಡಿದ್ದರೂ ಅದೇ ಕಥೆ. ಅದಕ್ಕೇ ಚಿಕ್ಕಪ್ಪ ಯಾರಿಗೂ ಯಂತ್ರ ಮುಟ್ಟೋಕೆ ಬಿಡಲಿಲ್ಲ. ಲಿನಕ್ಸ್‌ನಲ್ಲಿ ಪ್ರೊಕ್ ಅಂತ ಒಂದು ಜಾಗ ಇದೆ. ಪ್ರತಿ ಪ್ರೋಗ್ರಾಂ ತೆರೆದಿಟ್ಟಿರೋ ಫೈಲ್‌ಗಳಿಗೆ ಅಲ್ಲಿಂದ ದಾರಿ ಇರುತ್ತೆ, ಹೆಸರು ಅಳಿಸಿಹೋಗಿದ್ದರೂ! ಆ ದಾರಿಯಿಂದ ಆರೂ ಜಿಬಿಯನ್ನ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡೋಕೆ ಕೊಟ್ಟರು. ಅದೇ ಡಿಸ್ಕಿಗೆ ಮಾಡೋ ಹಾಗಿಲ್ಲ, ಜಾಗ ಎಲ್ಲಿದೆ? ನಕಲು ಮುಗಿಯೋ ತನಕ ಇಬ್ಬರೂ ಮಾತಾಡಲಿಲ್ಲ. ಕರೆಂಟ್ ಹೋಗಬಾರದು ಅಂತ ನಾನು ಮನಸ್ಸಲ್ಲೇ ಬೇಡ್ಕೊಂಡೆ. ಮುಗಿದ ಮೇಲೆ ಫೈಲ್ ತೆರೆದು, ಪತ್ರ ಓದಕ್ಕೆ ಬರುತ್ತಾ ಅಂತ ನೋಡಿ, ಆಮೇಲಷ್ಟೇ ಆ ಪ್ರೋಗ್ರಾಂ ನಿಲ್ಲಿಸಿದರು. ಡಿಎಫ್ ಲೆಕ್ಕ ಥಟ್ಟನೆ 34ಕ್ಕೆ ಇಳಿಯಿತು.

ಹೊರಗಿನಿಂದ ಬರಬೇಕಿದ್ದ ಪತ್ರಗಳೆಲ್ಲ ಹಾಳಾದವಾ ಅಂತ ಕೇಳಿದೆ. ಇಲ್ಲ. ಉತ್ತರದ ಮೊದಲ ಅಂಕಿ 4 ಆದರೆ "ಆಮೇಲೆ ಬಾ" ಅಂತ. 5 ಆದರೆ "ಆಗಲ್ಲ, ವಾಪಸ್ ಹೋಗು" ಅಂತ. ನಮ್ಮದು 452. ಹಾಗಾಗಿ ಕಳಿಸಿದ ಸರ್ವರ್‌ಗಳು ಪತ್ರಗಳನ್ನ ತಮ್ಮ ಹತ್ತಿರವೇ ಇಟ್ಕೊಂಡು ಮತ್ತೆ ಮತ್ತೆ ಬರ್ತಾವೆ. ಪೋಸ್ಟ್‌ಫಿಕ್ಸ್ ಇರುವ ಕಡೆ, ಯಾರೂ ಬದಲಾಯಿಸದೇ ಇದ್ದರೆ, 5 ದಿನ ಪ್ರಯತ್ನ ಮಾಡುತ್ತೆ. ಎರಡು ಪ್ರಯತ್ನದ ನಡುವಿನ ಬಿಡುವು ಹೆಚ್ಚೆಂದರೆ 4000 ಸೆಕೆಂಡ್. ನಾನು ಭಾಗಿಸಿ ನೋಡಿದೆ, 66 ನಿಮಿಷ 40 ಸೆಕೆಂಡ್ ಆಗುತ್ತೆ. ಅದಕ್ಕೇ ಮೇಲ್‌ಗಳು ಒಟ್ಟಿಗೆ ಬರದೆ, ಊಟದ ಹೊತ್ತಿನವರೆಗೂ ಒಂದೊಂದಾಗಿ ಬಂದವು.

ಗುಮಾಸ್ತರು ಬಂದಾಗ ಚಿಕ್ಕಪ್ಪ ನಡೆದಿದ್ದನ್ನ ಮುಚ್ಚಿಡದೆ ಹೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್‌ಡ್ರೈವ್ ಜೇಬಿಗೆ ಹಾಕ್ಕೊಂಡು, "ಟೀ ಕುಡಿಯೋಣ ಬಾರಪ್ಪ" ಅಂದರು.

ನಮ್ಮ ಶಾಲೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಇದ್ದರೆ ಡಿಎಫ್ ಮತ್ತು ಡಿಯು ಎರಡನ್ನೂ ನಾವೂ ಕೊಟ್ಟು ನೋಡಬಹುದು, ಅದರಿಂದ ಏನೂ ಕೆಡಲ್ಲ. ಗುರುಗಳು ಒಪ್ಪಿದರೆ ಶನಿವಾರ ತೋರಿಸ್ತೀನಿ.

– 7ನೇ ತರಗತಿ