ಜೊತೆಯಾಗಿ ಬಾಳಿದರೂ ವಾರಸುದಾರರಲ್ಲವೇ?

ಪ್ರಶ್ನೆ: ನಮ್ಮ ಬೀದಿಯಲ್ಲಿ ಇಬ್ಬರು ಹೆಂಗಸರು ಸಂಗಾತಿಗಳಾಗಿ ಸಂಸಾರ ನಡೆಸುತ್ತಿದ್ದಾರೆ. ಮದುವೆಯ ನೋಂದಣಿ ಇಲ್ಲದ್ದರಿಂದ ಅವರಿಗೆ ಏನೇನು ಸಿಗುವುದಿಲ್ಲ?
– ಓದುಗರೊಬ್ಬರು, ಕುಂಬಾರಕೊಪ್ಪಲು, ಮೈಸೂರು

ಉತ್ತರ: ಸಿಗದಿರುವುದೇ ಹೆಚ್ಚು. ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ಆದರೆ 2023ರ ಅಕ್ಟೋಬರ್ 17ರ ಸುಪ್ರಿಯೋ ಪ್ರಕರಣದ ತೀರ್ಪಿನಲ್ಲಿ, ಮದುವೆಗೆ ಮಾನ್ಯತೆ ಕೊಡುವುದು ಸಂಸತ್ತಿಗೆ ಬಿಟ್ಟದ್ದು ಎಂದಿತು.

ಹಾಗಾಗಿ ಕುಟುಂಬ ಪಿಂಚಣಿ ಇಲ್ಲ. ಇಬ್ಬರೂ ಸೇರಿ ದತ್ತು ಪಡೆಯುವಂತಿಲ್ಲ. ಒಬ್ಬರು ಪಡೆದರೆ, ಆ ಮಗುವಿಗೆ ಇನ್ನೊಬ್ಬರು ಕಾನೂನಿನಲ್ಲಿ ಏನೂ ಆಗುವುದಿಲ್ಲ. ಅವಲಂಬಿತ ತಂದೆತಾಯಿ ಇದ್ದರೆ ಪಿ.ಎಫ್.ಗೆ ಸಂಗಾತಿಯ ನಾಮಿನೇಷನ್ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು ಮನೆಯ ವಿಷಯ. ಮನೆ ಯಾರ ಹೆಸರಿನಲ್ಲಿದೆಯೋ ಅವರು ಉಯಿಲು ಬರೆಯದೆ ತೀರಿಕೊಂಡರೆ, ಅದು ತವರಿನವರ ಪಾಲು. ಜೊತೆಗೆ ಸಾಲದ ಕಂತು ಕಟ್ಟಿದವರು ಬೀದಿಗೆ ಬೀಳಬಹುದು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

2024ರಲ್ಲಿ ಕೇಂದ್ರ ಸರ್ಕಾರ ಸ್ವಲ್ಪ ದಾರಿ ಬಿಟ್ಟಿತು: ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು, ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಎಣಿಸಬೇಕು. ಆದರೆ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರಷ್ಟೇ. ವಾರಸುದಾರರು ಆಮೇಲೆ ಕೇಳಿಕೊಂಡು ಬರಬಹುದು.

ಆದ್ದರಿಂದ ಅವರಿಬ್ಬರೂ ಇಂದೇ ಉಯಿಲು ಬರೆಯಲಿ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಡುವುದು ಕ್ಷೇಮ.