ಆ ಮೂಲೆ ಬಿಡದ ಇಲಿ

1953ರ ಮಾತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯೊಂದರ ಮಿದುಳಿಗೆ ತೆಳುವಾದ ತಂತಿ ಇಳಿಸಿದ್ದರು. ಅವರು ಹುಡುಕುತ್ತಿದ್ದದ್ದು ಎಚ್ಚರವನ್ನು ನಿಯಂತ್ರಿಸುವ ಭಾಗ. ತಂತಿ ಗುರಿ ತಪ್ಪಿ ಬೇರೆಡೆ ಹೋಗಿ ಕೂತಿತ್ತು. ಮೇಜಿನ ಒಂದು ಮೂಲೆಗೆ ಇಲಿ ಹೋದಾಗಲೆಲ್ಲ ಒಂದಿಷ್ಟು ವಿದ್ಯುತ್ ಹರಿಸಿದರು. ಬೆದರಿ ಓಡಬೇಕಿದ್ದ ಇಲಿ ತಿರುತಿರುಗಿ ಆ ಮೂಲೆಗೇ ಬಂತು. ಸನ್ನೆಯೊಂದನ್ನು ಒತ್ತಿ ತಾವೇ ವಿದ್ಯುತ್ ಹರಿಸಿಕೊಳ್ಳುವ ಏರ್ಪಾಡು ಮಾಡಿಕೊಟ್ಟಾಗ ಇಲಿಗಳು ಗಂಟೆಗೆ ನೂರಾರು ಸಲ ಒತ್ತಿದವು.

1954ರಲ್ಲಿ ಪ್ರಬಂಧ ಪ್ರಕಟವಾಯಿತು. ಮಿದುಳಿನ 'ಸುಖಕೇಂದ್ರ' ಸಿಕ್ಕಿತೆಂಬ ಸುದ್ದಿ ಹಬ್ಬಿತು. ಮುಂದೆ ಆ ಕೇಂದ್ರದ ನರಮಾರ್ಗದ ಮುಖ್ಯ ರಾಸಾಯನಿಕ ಡೋಪಮಿನ್ ಎಂದು ತಿಳಿದಾಗ, ಸುಖ ಕೊಡುವುದೇ ಅದು ಎಂದು ಹಲವರು ನಂಬಿದರು.

ಈ ನಂಬಿಕೆ ಅಲುಗಾಡಿದ್ದು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. 1980ರ ದಶಕದ ಕೊನೆಗೆ ಕೆಂಟ್ ಬೆರಿಜ್ ಮತ್ತು ಟೆರ್ರಿ ರಾಬಿನ್ಸನ್ ಇಲಿಗಳ ಮಿದುಳಿನ ಡೋಪಮಿನ್ ಅನ್ನು ಬಹುತೇಕ ಇಲ್ಲವಾಗಿಸಿದರು. ಆ ಇಲಿಗಳು ಎದುರಿಗಿದ್ದ ಆಹಾರವನ್ನೂ ಮುಟ್ಟಲಿಲ್ಲ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಮೊದಲಿನಂತೆಯೇ ತುಟಿ ನೆಕ್ಕಿದವು. ರುಚಿಯ ಸುಖ ಹಾಗೇ ಇತ್ತು, ಬೇಕೆಂಬ ತುಡಿತವಷ್ಟೇ ಸತ್ತಿತ್ತು. ಮಾದಕ ವಸ್ತು ಮತ್ತೆ ಮತ್ತೆ ಒಳಹೋದಂತೆ ಈ ತುಡಿತ ಹರಿತವಾಗುತ್ತದೆ, ಸುಖ ಮಾತ್ರ ಬೆಳೆಯುವುದಿಲ್ಲ ಎಂದು ಇಬ್ಬರೂ 1993ರಲ್ಲಿ ವಾದಿಸಿದರು. ಕುಡಿತದಲ್ಲಿ ಈಗ ಏನೂ ಖುಷಿಯಿಲ್ಲ, ಆದರೂ ಬಿಡಲಾಗುತ್ತಿಲ್ಲ ಎನ್ನುವವರನ್ನು ನಾವು ಸುಳ್ಳುಗಾರರೆಂದೇ ಬಗೆಯುತ್ತೇವೆ. ಅವರ ಮಾತನ್ನು ನಂಬಲು ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಕಂಡಿಲ್ಲ. ಮನಸ್ಸು ಗಟ್ಟಿ ಮಾಡ್ಕೋ ಎಂದು ಗದರಿದರೆ ಆ ತುಡಿತ ಅಡಗುವುದಿಲ್ಲ.

ಓಲ್ಡ್ಸ್ ಅವರ ಸನ್ನೆ ನಮ್ಮ ಬೆಂಗಳೂರಿಗೂ ಬಂತು. ಅದೇ 1993ರಲ್ಲಿ ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್, ದೇಸಿರಾಜು ಮತ್ತು ರಾಜು ಅವರ ತಂಡ, ಹೀಗೆ ಸನ್ನೆ ಒತ್ತಿದ ಇಲಿಗಳ ನರಕೋಶಗಳಲ್ಲಿ ಕವಲುಗಳು ಹೆಚ್ಚಿದ್ದನ್ನು ತೋರಿಸಿತು. ಹೆಚ್ಚಿದ ಜಾಗಗಳಲ್ಲಿ ಒಂದು ಹಿಪೊಕ್ಯಾಂಪಸ್, ನೆನಪಿಗೆ ಬೇಕಾದ ಭಾಗ. ದೀರ್ಘಕಾಲದ ಒತ್ತಡದಲ್ಲಿ ಸೊರಗುವುದೂ ಅದೇ ಭಾಗ. ಖಿನ್ನತೆಯ ಸಂಶೋಧಕರು ಅದರ ಮೇಲೆ ಕಣ್ಣಿಟ್ಟಿರುವುದು ಅದಕ್ಕಾಗಿಯೇ. 2008ರಲ್ಲಿ ನಿಮ್ಹಾನ್ಸ್‌ನಿಂದ ಇನ್ನೊಂದು ಪ್ರಬಂಧ ಬಂತು. ಒತ್ತಡದಿಂದ ನರಕೋಶದ ಕವಲುಗಳು ಕುಗ್ಗಿ, ದಾರಿಯ ನೆನಪೂ ಮಂಕಾಗಿದ್ದ ಇಲಿಗಳಿಗೆ ಸನ್ನೆ ಒತ್ತಲು ಬಿಟ್ಟಿದ್ದರು. ಕವಲುಗಳು ಚೇತರಿಸಿಕೊಂಡವು, ನೆನಪೂ ಮರಳಿತು. ಚಟದ ಬೇರು ಹುಡುಕಿಕೊಟ್ಟ ಅದೇ ನರಮಾರ್ಗ ಒತ್ತಡದ ಗಾಯವನ್ನೂ ಮಾಯಿಸಬಲ್ಲದೆಂದು ಆ ಇಲಿಗಳಲ್ಲಿ ಕಂಡಿತು.