ಶಿಖರೇಶ್ವರನ ಸುತ್ತ ಗಡಿಜಗಳ

ಥಾಯ್ಲೆಂಡಿನ ಸೀಸಕೇತ್ ಪ್ರಾಂತ್ಯದ ಕಡೆಯಿಂದ ಬರುತ್ತಿದ್ದವರಿಗೆ ಈ ಬೆಟ್ಟದ ಏರು ಅಷ್ಟೇನೂ ಕಷ್ಟವಾಗಿರಲಿಲ್ಲ. ಕಲ್ಲಿನ ಮೆಟ್ಟಿಲು, ಹೆಡೆಯೆತ್ತಿದ ನಾಗಗಳು, ಒಂದರ ಹಿಂದೊಂದು ಐದು ಗೋಪುರ. ಸುಮಾರು 800 ಮೀಟರ್ ಸಾಗಿದ ಮೇಲೆ ಗರ್ಭಗುಡಿ. ಅದರ ಬೆನ್ನಿಗೇ ನೆಲ ಮುಗಿದು, ಐದುನೂರು ಮೀಟರ್ ಕೆಳಗೆ ಕಾಂಬೋಡಿಯಾದ ಬಯಲು ಹರಡಿಕೊಳ್ಳುತ್ತದೆ. ಡಾಂಗ್ರೆಕ್ ಬೆಟ್ಟಸಾಲಿನ ಪ್ರೇಹ್ ವಿಹಿಯರ್ ದೇಗುಲ ಕಾಂಬೋಡಿಯಾದ್ದು. ಮುಖ ಮಾತ್ರ ಥಾಯ್ಲೆಂಡಿನತ್ತ.

ಕಟ್ಟಿಸಿದವರಿಗೆ ಇದೊಂದು ಸಮಸ್ಯೆಯೇ ಆಗಿರಲಿಲ್ಲ. 11, 12ನೇ ಶತಮಾನಗಳಲ್ಲಿ ಖ್ಮೇರ್ ದೊರೆಗಳಾದ ಒಂದನೇ ಮತ್ತು ಎರಡನೇ ಸೂರ್ಯವರ್ಮರು ಇದನ್ನು ಬೆಳೆಸಿದಾಗ ಬೆಟ್ಟದ ಎರಡೂ ಮಗ್ಗುಲು ಖ್ಮೇರರದೇ. ಇಲ್ಲಿನ ಶಿವ ಶಿಖರೇಶ್ವರ. ಗೋಪುರವೊಂದರಲ್ಲಿ ಸಮುದ್ರಮಥನದ ಕೆತ್ತನೆಯಿದೆ. ಒಂದೇ ಹಾವನ್ನು ಹಿಡಿದು ಎರಡು ಬಣ ಎಳೆದಾಡುವ ಈ ಚಿತ್ರಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ.

1904ರಲ್ಲಿ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರೆಂಚರೂ ಸಯಾಮಿನವರೂ (ಇಂದಿನ ಥಾಯ್ಲೆಂಡ್) ಮಳೆನೀರು ಎತ್ತ ಇಳಿಯುತ್ತದೋ ಅದರಂತೆ ಗಡಿ ಎಂದು ಒಪ್ಪಿಕೊಂಡರು. ಆದರೆ 1907ರಲ್ಲಿ ಫ್ರೆಂಚ್ ಅಧಿಕಾರಿಗಳು ಬರೆದ ನಕ್ಷೆ ದೇಗುಲವನ್ನು ಕಾಂಬೋಡಿಯಾದೊಳಗೆ ತೋರಿಸಿತು. ಸಯಾಮ್ ತಕರಾರು ತೆಗೆಯಲಿಲ್ಲ. 1930ರಲ್ಲಿ ಸಯಾಮಿನ ರಾಜಕುಮಾರ ದಾಮ್ರೊಂಗ್ ಇಲ್ಲಿಗೆ ಬಂದಾಗ ಫ್ರೆಂಚರು ತಮ್ಮ ಬಾವುಟ ಹಾರಿಸಿ ಸ್ವಾಗತಿಸಿದರು. ಆತ ಊರಿಗೆ ಮರಳಿ ಭೇಟಿಯ ಫೋಟೊಗಳನ್ನು ಕಳಿಸಿಕೊಟ್ಟ! ಈ ಸೌಜನ್ಯವೂ ಆಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಥಾಯ್ಲೆಂಡಿಗೆ ಮುಳುವಾಯಿತು. 1962ರ ಜೂನ್ 15ರಂದು 9–3 ಮತಗಳಿಂದ ತೀರ್ಪು ಕಾಂಬೋಡಿಯಾದ ಪಾಲಾಯಿತು. ಅಲ್ಲಿದ್ದ ಥಾಯ್ ಸೈನಿಕರು ತಮ್ಮ ಧ್ವಜವನ್ನು ಇಳಿಸಲಿಲ್ಲ, ಕಂಬಸಮೇತ ಹೊತ್ತೊಯ್ದರು.

ಗುಡಿಯ ಮಾತು ಮುಗಿಯಿತು, ಸುತ್ತಲಿನ 4.6 ಚದರ ಕಿಲೋಮೀಟರ್ ನೆಲದ್ದು ಉಳಿಯಿತು. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೇ ತಡ, ಎರಡೂ ಸೇನೆಗಳು ಬೆಟ್ಟ ಹತ್ತಿದವು. ಥಾಯ್ ಕಡೆಯ ಬಾಗಿಲು ಮುಚ್ಚಿತು. ಪ್ರವಾಸಿಗರು ಕಾಂಬೋಡಿಯಾ ಕಡೆಯ ಕಡಿದಾದ ಕಾಂಕ್ರೀಟ್ ರಸ್ತೆಯಲ್ಲಿ ಪಿಕಪ್ ಗಾಡಿ, ಬೈಕು ಹಿಡಿದರು. 2011ರ ಫೆಬ್ರವರಿಯ ನಾಲ್ಕು ದಿನಗಳ ಕಾಳಗದಲ್ಲಿ ಗೋಪುರಗಳಿಗೂ ಗುಂಡು ತಾಗಿತು.

2025ರ ಜುಲೈ 24ರಂದು ಕಿಡಿ ಹೊತ್ತಿದ್ದು ಇದೇ ಬೆಟ್ಟಸಾಲಿನ ಪಶ್ಚಿಮಕ್ಕಿರುವ ತಾ ಮುಯೆನ್ ಥೋಮ್ ಬಳಿ. ಅದೂ ಶಿವನ ಗುಡಿಯೇ. ಅತ್ತ ಕಾಂಬೋಡಿಯಾದ ರಾಕೆಟ್, ಇತ್ತ ಥಾಯ್ಲೆಂಡಿನ ಎಫ್‌–16. ಐದು ದಿನಗಳಲ್ಲಿ ಹತ್ತಾರು ಜನ ಸತ್ತರು, ಲಕ್ಷಾಂತರ ಮಂದಿ ಮನೆ ಬಿಟ್ಟರು. ಮಲೇಷ್ಯಾದ ಪುತ್ರಜಯದಲ್ಲಿ ಮಾತುಕತೆ ನಡೆದು ಕದನ ನಿಂತಿತು. ಡಿಸೆಂಬರಿನಲ್ಲಿ ಮತ್ತೆ ಹೊತ್ತಿಕೊಂಡಿತು.

ಪ್ರೇಹ್ ವಿಹಿಯರ್ ದೇಗುಲದ ಸಂರಕ್ಷಣೆಗಿರುವ ಅಂತರರಾಷ್ಟ್ರೀಯ ಸಮಿತಿಗೆ ಭಾರತ, ಚೀನಾ ಸಹ-ಅಧ್ಯಕ್ಷರು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿನ ಜೀರ್ಣೋದ್ಧಾರದಲ್ಲಿ ಕೈಜೋಡಿಸಿದೆ. ಕಲ್ಲು ಜೋಡಿಸುವವರು ಮತ್ತೆ ಬರಬೇಕಾದರೆ ಮೊದಲು ಬರಬೇಕಾದವರು ಈ ಗಡಿಯಲ್ಲಿ ಹುದುಗಿರುವ ನೆಲಬಾಂಬ್ ತೆಗೆಯುವವರು.